ಹದಿನೇಳರ ಧ್ವಜ, ಹದಿನೆಂಟರ ಪ್ರಶ್ನೆ

ಸೆಪ್ಟೆಂಬರ್ 17 ನಮ್ಮ ಉಡುಪಿ ಜಿಲ್ಲೆಯವರಿಗೆ ವಿಶೇಷವೇನೂ ಇಲ್ಲದ ದಿನ. ಕೆಲವು ವರ್ಷ ವಿಟ್ಲಪಿಂಡಿ ಅದರ ಆಸುಪಾಸಿನಲ್ಲಿ ಬರುತ್ತದೆ, ಕಾಲೇಜಿನಲ್ಲಿ ಇಂಟರ್ನಲ್ಸ್ ಹತ್ತಿರ ಬಂದಿರುತ್ತದೆ, ಅಷ್ಟೇ. ಅದೇ ದಿನ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳದಲ್ಲಿ ಮಾತ್ರ ಧ್ವಜ ಹಾರುತ್ತದೆ, ಭಾಷಣ ನಡೆಯುತ್ತದೆ. ಹಾಸ್ಟೆಲಿನಲ್ಲಿ ನನ್ನ ರೂಂಮೇಟ್ ಭಾಲ್ಕಿ ಕಡೆಯವನು. "ನಿಮಗ ಸ್ವಾತಂತ್ರ್ಯ ದಿನ ಒಂದೇ, ನಮಗ ಎರಡ ಅದಾವ" ಎಂದು ಅವನು ಹೇಳುವವರೆಗೆ ಈ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ. ಕಾರ್ಕಳದಲ್ಲಿ ಓದುವವರಲ್ಲಿ ಹತ್ತರಲ್ಲಿ ಎಂಟು ಮಂದಿಗೂ ಹಾಗೆಯೇ ಇರಬಹುದು.

ಇದನ್ನು ಬರೆಯಲು ಕಾರಣ ಮಣಿಪಾಲದಲ್ಲಿ ನಾನು ಕೇಳಿದ ಒಂದು ಅಂತರಕಾಲೇಜು ಚರ್ಚಾ ಸ್ಪರ್ಧೆ. ವಿಷಯ: ಸರ್ವಾಧಿಕಾರಿಯ ವಿರುದ್ಧ ಹೊರಗಿನ ದೇಶ ಸೈನ್ಯ ಕಳುಹಿಸುವುದು, ಆರ್ಥಿಕ ದಿಗ್ಬಂಧನ ಹಾಕುವುದು ಸರಿಯೇ? ಸರಿ ಎಂದವರೆಲ್ಲ ಹಿಟ್ಲರನ ಹೆಸರು ಹೇಳಿದರು. ತಪ್ಪು ಎಂದವರೆಲ್ಲ ಇರಾಕ್ ಎಂದರು. ಚೆನ್ನಾಗಿಯೇ ಮಾತಾಡಿದರು, ಬಹುಮಾನವೂ ಬಂತು. ಆದರೆ ನಮ್ಮದೇ ರಾಜ್ಯದ ಐದು ಜಿಲ್ಲೆಗಳು ಇವತ್ತು ಕರ್ನಾಟಕದಲ್ಲಿ ಇರುವುದೇ ಮೊದಲು ದಿಗ್ಬಂಧನ, ಆಮೇಲೆ ಸೈನ್ಯ ಎಂಬ ಈ ದಾರಿಯಿಂದ ಎಂದು ಒಬ್ಬರೂ ಹೇಳಲಿಲ್ಲ.

1947ರಲ್ಲಿ ಹೈದರಾಬಾದ್ ಸಂಸ್ಥಾನ ಸುಮಾರು 82 ಸಾವಿರ ಚದರ ಮೈಲಿ ವಿಸ್ತಾರದ, ಒಂದೂವರೆ ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶ. ತೆಲುಗು, ಮರಾಠಿ, ಕನ್ನಡ ಮೂರೂ ಸೀಮೆಗಳು ಅದರಲ್ಲಿದ್ದವು. ಆಳುತ್ತಿದ್ದವನು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಜನರಿಗೆ ಉತ್ತರ ಹೇಳಬೇಕಾದ ಚುನಾಯಿತ ಸರ್ಕಾರ ಎನ್ನುವುದೇ ಇರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಅನ್ನು 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಿದ್ದರು. ಸ್ವಾಮಿ ರಮಾನಂದ ತೀರ್ಥರಂಥ ನಾಯಕರು ಜೈಲು ಕಂಡರು. ಕೊನೆಯ ಎರಡು ವರ್ಷ ಅಧಿಕಾರ ನಿಜಾಮನ ಕೈಯಿಂದಲೂ ಜಾರಿ ಕಾಸಿಂ ರಜ್ವಿಯ ರಜಾಕಾರರ ಕೈಗೆ ಹೋಯಿತು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಅವರು ಮಾಡಿದ ಹತ್ಯಾಕಾಂಡಕ್ಕೆ ಈಗ ಅಲ್ಲೊಂದು ಸ್ಮಾರಕವಿದೆ. ಇದನ್ನು ಬರೀ ಹಿಂದೂ–ಮುಸ್ಲಿಂ ಜಗಳವೆಂದು ಹೇಳುವವರು ಶೋಯಬುಲ್ಲಾ ಖಾನ್ ಹೆಸರನ್ನು ಕೇಳಿರುವುದಿಲ್ಲ. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಆತ. ಭಾರತದೊಂದಿಗೆ ಸೇರಬೇಕೆಂದು ಬರೆದ ತಪ್ಪಿಗೆ 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ನಗರದಲ್ಲೇ ಅವನನ್ನು ಕೊಂದರು. ಸರ್ವಾಧಿಕಾರಕ್ಕೆ ತನ್ನವರು, ಹೊರಗಿನವರು ಎಂಬ ಭೇದ ಎದುರು ಮಾತಾಡುವವರೆಗೆ ಮಾತ್ರ ಇರುತ್ತದೆ.

ಭಾರತ ಸರ್ಕಾರ ಮೊದಲು ಮಾತುಕತೆ ಮಾಡಿತು. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದ ಆಯಿತು. ಅದು ಮುರಿದುಬೀಳುತ್ತಾ ಬಂದಂತೆ ಗಡಿಯಲ್ಲಿ ಸರಕು ನಿಂತಿತು. ಔಷಧಿಯೂ ಸೇರಿ ಅಗತ್ಯ ವಸ್ತುಗಳನ್ನು ತಡೆದಿದ್ದಾರೆ ಎಂದು ನಿಜಾಮನ ಸರ್ಕಾರ ದೂರಿತು. ಹಾಗೆಲ್ಲ ನಾವು ದಿಗ್ಬಂಧನ ಹಾಕಿಯೇ ಇಲ್ಲ ಎಂದು ದೆಹಲಿ ಹೇಳಿತು. ಆ ಹೊತ್ತಿನಲ್ಲೇ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ವಿಮಾನದಲ್ಲಿ ಬಂದೂಕು, ಮದ್ದುಗುಂಡು ತುಂಬಿಕೊಂಡು ಬಂದು ಸಂಸ್ಥಾನದೊಳಗೆ ಇಳಿಸುತ್ತಿದ್ದ. ಅಂದರೆ ತಡೆಯಬೇಕಾದದ್ದು ಆಕಾಶದಿಂದ ಬರುತ್ತಿತ್ತು, ಕಷ್ಟ ನೆಲದ ಮೇಲಿದ್ದವರಿಗೆ. ಮುಂದೆ ಬೇರೆ ದೇಶಗಳ ದಿಗ್ಬಂಧನದ ಕಥೆ ಓದುವಾಗಲೂ ನನಗೆ ಕಂಡದ್ದು ಹೆಚ್ಚುಕಡಿಮೆ ಇದೇ.

ಸೈನ್ಯ ಒಳಗೆ ಹೋದದ್ದು 1948ರ ಸೆಪ್ಟೆಂಬರ್ 13ಕ್ಕೆ, ಮೇಜರ್ ಜನರಲ್ ಜೆ.ಎನ್. ಚೌಧರಿ ನೇತೃತ್ವದಲ್ಲಿ. ಹದಿನೇಳಕ್ಕೆ ಎಲ್ಲ ಮುಗಿಯಿತು. ಅದನ್ನು ಯುದ್ಧ ಎನ್ನದೆ 'ಪೊಲೀಸ್ ಕಾರ್ಯಾಚರಣೆ' ಎಂದು ಕರೆದರು. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೇಜಿನ ಮೇಲಿತ್ತು. ಅಲ್ಲಿ ಚರ್ಚೆ ಸರಿಯಾಗಿ ಶುರುವಾಗುವ ಮೊದಲೇ ಇಲ್ಲಿ ಶರಣಾಗತಿ ಆಗಿತ್ತು.

ಇದು ಸರಿಯಿತ್ತೇ? ನನ್ನ ಪ್ರಕಾರ ಸರಿ. ಒಳಗಿನ ಜನ ವರ್ಷಗಟ್ಟಲೆ ಹೋರಾಡುತ್ತಿದ್ದರು, ಗಡಿಯಾಚೆ ಶಿಬಿರ ಕಟ್ಟಿಕೊಂಡಿದ್ದರು, ಬನ್ನಿ ಎಂದು ಕೇಳುತ್ತಿದ್ದರು. ಮಾತುಕತೆಯ ಬಾಗಿಲು ತಟ್ಟಿ ಆಗಿತ್ತು. ಹಳ್ಳಿಗಳು ಸುಡುತ್ತಿದ್ದವು. ಇನ್ನೂ ಒಂದು ವರ್ಷ ಕಾಯೋಣ ಎನ್ನುವುದು ದೆಹಲಿಯಲ್ಲಿ ಕುಳಿತವರಿಗೆ ಸುಲಭ, ಗೋರಟಾದವರಿಗೆ ಅಲ್ಲ.

ಆದರೆ ನನ್ನ ರೂಂಮೇಟ್ ಹೇಳಿದ ಕಥೆ ಹದಿನೇಳಕ್ಕೆ ನಿಲ್ಲಲಿಲ್ಲ. ಅವನ ಮುತ್ತಜ್ಜನ ಮನೆಯವರು ರಜಾಕಾರರ ಭಯಕ್ಕೆ ತಿಂಗಳುಗಟ್ಟಲೆ ರಾತ್ರಿ ಹೊಲದಲ್ಲಿ ಮಲಗುತ್ತಿದ್ದರಂತೆ. ಸೈನ್ಯ ಬಂದ ಮೇಲೆ ಮನೆಗೆ ಬಂದರು. ಅದಾಗಿ ಕೆಲವೇ ದಿನಕ್ಕೆ ಊರಿನ ದರ್ಜಿಯ ಮಕ್ಕಳನ್ನು ಅದೇ ಮುತ್ತಜ್ಜ ಮನೆಯ ಹಗೇವಿನಲ್ಲಿ, ಅಂದರೆ ನೆಲದಡಿ ಜೋಳ ತುಂಬುವ ಕಣಜದಲ್ಲಿ, ಅಡಗಿಸಬೇಕಾಯಿತು. ಈ ಸಲ ಹುಡುಕಿಕೊಂಡು ಬಂದವರು ರಜಾಕಾರರಲ್ಲ. ದರ್ಜಿ ಯಾವತ್ತೂ ರಜಾಕಾರ ಆಗಿರಲಿಲ್ಲ, ಮುಸ್ಲಿಂ ಆಗಿದ್ದ, ಅಷ್ಟೇ. "ಅಜ್ಜ ಹದಿನೇಳರ ಕಥಿ ಎಲ್ಲಾರ ಮುಂದ ಹೇಳ್ತಿದ್ದ, ಇದನ್ನ ಮನಿಯಾಗಷ್ಟ ಹೇಳ್ತಿದ್ದ" ಎಂದ ನನ್ನ ರೂಂಮೇಟ್.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ಭಾರತ ಸರ್ಕಾರವೇ ಒಂದು ನಿಯೋಗವನ್ನು ಕಳುಹಿಸಿತ್ತು. ಅವರು 1948ರ ಕೊನೆಯಲ್ಲಿ ಸಂಸ್ಥಾನದ ಹಳ್ಳಿಗಳನ್ನು ಸುತ್ತಿದರು. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆಮೇಲೆ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂಬುದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆ ಎಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲ್ಬರ್ಗ. ಎರಡು ನಮ್ಮವು. ರಜಾಕಾರರ ಕಾಟ ಹೆಚ್ಚಿದ್ದದ್ದೂ ಇದೇ ಕಡೆ ಎಂದು ಅದೇ ವರದಿ ಹೇಳುತ್ತದೆ. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಸಾಮಾನ್ಯ ಓದುಗರ ಕೈಗೆ ಅದು ಸಿಕ್ಕಿದ್ದು ಅರವತ್ತು ವರ್ಷಗಳೇ ದಾಟಿದ ಮೇಲೆ.

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹಾಗಾದರೆ ಸೈನ್ಯ ಹೋಗಬಾರದಿತ್ತಾ ಎಂದು ಕೇಳುತ್ತಾರೆ. ಹೋಗಬೇಕಿತ್ತು. ಹೋಗುವ ಮೊದಲು ಹದಿನೆಂಟನೇ ತಾರೀಕಿಗೆ ಪ್ರತಿ ತಾಲೂಕಿನಲ್ಲಿ ಯಾರಿರುತ್ತಾರೆ, ಸೇಡು ತೀರಿಸಿಕೊಳ್ಳುವವರನ್ನು ಯಾರು ತಡೆಯುತ್ತಾರೆ ಎಂದೂ ಯೋಚಿಸಬೇಕಿತ್ತು. ಸರ್ವಾಧಿಕಾರಿ ಎಷ್ಟು ಕೆಟ್ಟವನು ಎಂಬುದರಿಂದ ಮಾತ್ರ ಹೊರಗಿನ ಸೈನ್ಯಕ್ಕೆ ನ್ಯಾಯ ಸಿಗುವುದಿಲ್ಲ. ಅವನು ಬಿದ್ದ ಮರುದಿನ ಜನರನ್ನು ಕಾಯಲು ಏನು ತಯಾರಿ ಇದೆ ಎಂಬುದರಿಂದಲೂ ಅದು ತೀರ್ಮಾನವಾಗಬೇಕು ಎಂಬುದು ನನ್ನ ವಾದ.

ನಾನು ಓದುವುದು ಸಿವಿಲ್. ಕಾಂಕ್ರೀಟ್ ಸ್ಲ್ಯಾಬ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತೇವೆ. ಬೇಗ ತೆಗೆದರೆ ಸ್ಲ್ಯಾಬ್ ಕೆಳಗೆ ಬರುತ್ತದೆ, ತೆಗೆಯದೇ ಬಿಟ್ಟರೆ ಆ ಮನೆಯಲ್ಲಿ ಯಾರೂ ವಾಸ ಮಾಡುವಂತಿಲ್ಲ. ಹೊರಗಿನ ಸೈನ್ಯವೂ ಸೆಂಟ್ರಿಂಗ್ ಇದ್ದ ಹಾಗೆ. 1971ರಲ್ಲಿ ಪೂರ್ವ ಪಾಕಿಸ್ತಾನದ ಜನ ಮೊದಲೇ ಮತ ಹಾಕಿ ತಮ್ಮ ಮನಸ್ಸು ಹೇಳಿದ್ದರು. 1970ರ ಚುನಾವಣೆಯಲ್ಲಿ ಅಲ್ಲಿನ 169 ಸ್ಥಾನಗಳಲ್ಲಿ 167 ಅವಾಮಿ ಲೀಗ್‌ಗೆ ಬಂದಿತ್ತು. ಯಾಹ್ಯಾ ಖಾನನ ಸೇನಾಡಳಿತ ಅದಕ್ಕೆ ಗುಂಡಿನಲ್ಲಿ ಉತ್ತರ ಕೊಟ್ಟಿತು, ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿ ಬಂದರು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಆಯಿತು, ಮುಂದಿನ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಅಲ್ಲಿಂದ ಹೊರಟು ಬಂತು. ಆಳಲು ಅಲ್ಲಿನವರೇ ಆರಿಸಿದ ನಾಯಕ ಇದ್ದದ್ದರಿಂದ ಸೆಂಟ್ರಿಂಗ್ ತೆಗೆಯಲು ಆಯಿತು. 2003ರ ಇರಾಕಿನಲ್ಲಿ ಇದು ತಿರುವುಮುರುವು. ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ ಅಮೆರಿಕ ಹೋಯಿತು, ಹೇಳಿದ ಸಮೂಹನಾಶಕ ಅಸ್ತ್ರ ಸಿಗಲಿಲ್ಲ, ಸದ್ದಾಂ ಬಿದ್ದ ಮರುತಿಂಗಳೇ ಇಡೀ ಇರಾಕಿ ಸೈನ್ಯವನ್ನು ವಿಸರ್ಜಿಸಿಬಿಟ್ಟರು. ಕೈಯಲ್ಲಿ ಬಂದೂಕು ಇದ್ದು ಸಂಬಳ ಇಲ್ಲದ ಲಕ್ಷಾಂತರ ಗಂಡಸರು ಒಂದೇ ದಿನದಲ್ಲಿ ಬೀದಿಗೆ ಬಂದರು. ಅಲ್ಲಿ ಹದಿನೆಂಟನೇ ತಾರೀಕು ವರ್ಷಗಟ್ಟಲೆ ನಡೆಯಿತು.

ಸೈನ್ಯ ಬೇಡ, ದಿಗ್ಬಂಧನ ಸಾಕು, ಅದರಲ್ಲಿ ರಕ್ತ ಬರುವುದಿಲ್ಲ ಎನ್ನುವವರು ಚರ್ಚಾ ಸ್ಪರ್ಧೆಯಲ್ಲೂ ಇದ್ದರು. ಅದನ್ನು ಅಷ್ಟು ಸುಲಭವಾಗಿ ಒಪ್ಪಲು ನನಗೆ ಆಗದಿರುವುದಕ್ಕೆ ಕಾರಣ ಕಾಪುವಿನ ನಮ್ಮ ದೊಡ್ಡಪ್ಪ.

ಅವರು 1990ರಲ್ಲಿ ಕುವೈತಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಆಗಸ್ಟ್ 2ರಂದು ಸದ್ದಾಂ ಹುಸೇನ್ ಸೈನ್ಯ ಕುವೈತಿಗೆ ನುಗ್ಗಿತು. ಆರಕ್ಕೆ ಭದ್ರತಾ ಮಂಡಳಿ 661ನೇ ನಿರ್ಣಯದಲ್ಲಿ ಇರಾಕಿಗೂ ಇರಾಕ್ ಹಿಡಿದ ಕುವೈತಿಗೂ ಸಂಪೂರ್ಣ ದಿಗ್ಬಂಧನ ಹಾಕಿತು. ಕಾರಣ ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುವೈತಿನೊಳಗೆ ಲಕ್ಷಕ್ಕೂ ಮೀರಿ ಭಾರತೀಯರು ಸಿಕ್ಕಿಬಿದ್ದಿದ್ದರು. ನಮ್ಮ ಕರಾವಳಿಯ ಎಷ್ಟೋ ಮನೆಯವರು ಅದರಲ್ಲಿದ್ದರು. ಅಲ್ಲಿಗೆ ಅಕ್ಕಿ ಕಳುಹಿಸಲೂ ಭಾರತ ವಿಶ್ವಸಂಸ್ಥೆಯ ದಿಗ್ಬಂಧನ ಸಮಿತಿಯ ಅನುಮತಿ ಕೇಳಬೇಕಾಯಿತು. ಸೆಪ್ಟೆಂಬರ್ ಮಧ್ಯದಲ್ಲಿ ಅನುಮತಿ ಸಿಕ್ಕಿ 'ವಿಶ್ವ ಸಿದ್ಧಿ' ಎಂಬ ಹಡಗು ಆಹಾರ ಹೊತ್ತು ಹೋಯಿತು. "ಸದ್ದಾಮನಿಗೆ ಊಟ ತಪ್ಪಿದ್ದು ಯಾರೂ ನೋಡ್ಲಿಲ್ಲ ಮಗಾ, ನಾವು ಕುಬ್ಬೂಸಿಗೆ ಕ್ಯೂ ನಿಂತದ್ದು ಮಾತ್ರ ನಿಜ" ಎಂದು ದೊಡ್ಡಪ್ಪ ಈಗ ನಗುತ್ತಾ ಹೇಳುತ್ತಾರೆ. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾದಲ್ಲಿ ಬೊಂಬಾಯಿಗೆ ಬಂದರು. ಕೊಂಕಣ ರೈಲು ಇನ್ನೂ ಇರಲಿಲ್ಲ, ಬೊಂಬಾಯಿಯಿಂದ ಊರಿಗೆ ಬಸ್ಸು. ಹೀಗೆ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಜನರನ್ನು ಕರೆತಂದರು. ದೊಡ್ಡಪ್ಪನ ಕೈಯಲ್ಲಿದ್ದ ಕುವೈತಿ ದಿನಾರ್ ಆ ಹೊತ್ತಿಗೆ ಬರೀ ಕಾಗದ.

ಕುವೈತಿನಿಂದ ಸದ್ದಾಂನನ್ನು ಓಡಿಸಿದ್ದು ದಿಗ್ಬಂಧನ ಅಲ್ಲ, 1991ರ ಯುದ್ಧ. ಆ ಯುದ್ಧವನ್ನು ನಾನು ಸಮರ್ಥಿಸುತ್ತೇನೆ. ಒಂದು ದೇಶವನ್ನು ಇನ್ನೊಂದು ದೇಶ ನುಂಗಿತ್ತು, ಗಡುವು ಕೊಟ್ಟಿದ್ದರು, ಗುರಿ ಸ್ಪಷ್ಟ ಇತ್ತು. ಆದರೆ ಯುದ್ಧ ಮುಗಿದ ಮೇಲೂ ದಿಗ್ಬಂಧನ ಮುಗಿಯಲಿಲ್ಲ. 2003ರವರೆಗೆ, ಹದಿಮೂರು ವರ್ಷ ಹತ್ತಿರ, ಇರಾಕಿನ ಜನ ಅದರಡಿ ಬದುಕಿದರು. ಸದ್ದಾಂ ಆ ವರ್ಷಗಳಲ್ಲೇ ಹೊಸ ಅರಮನೆ ಕಟ್ಟಿಸಿದ. ಹೊರಗಿನಿಂದ ಏನೂ ಬಾರದಿದ್ದಾಗ ಹಿಟ್ಟು, ಸಕ್ಕರೆ, ಎಣ್ಣೆ ಸಿಗುವುದು ಸರ್ಕಾರದ ರೇಷನ್ನಿನಲ್ಲಿ ಮಾತ್ರ. ರೇಷನ್ ಕಾರ್ಡು ಕೊಡುವವನ ವಿರುದ್ಧ ಯಾರು ಬೀದಿಗೆ ಇಳಿಯುತ್ತಾರೆ? ಸರ್ವಾಧಿಕಾರಿಯನ್ನು ಸಡಿಲಗೊಳಿಸಲು ಹಾಕಿದ ಹಗ್ಗ ಜನರನ್ನೇ ಅವನಿಗೆ ಬಿಗಿಯಾಗಿ ಕಟ್ಟಿತು. ಎಣ್ಣೆ ಮಾರಿ ಆಹಾರ ತರುವ ಯೋಜನೆಯ ವಿಶ್ವಸಂಸ್ಥೆಯ ಮುಖ್ಯಸ್ಥರೇ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟರು: 1998ರಲ್ಲಿ ಡೆನಿಸ್ ಹ್ಯಾಲಿಡೇ, 2000ದಲ್ಲಿ ಹಾನ್ಸ್ ಫಾನ್ ಸ್ಪೋನೆಕ್.

ಇದರಲ್ಲಿ ಇನ್ನೊಂದು ಮಗ್ಗುಲೂ ಇದೆ. ದಿಗ್ಬಂಧನದಿಂದ ಐದು ಲಕ್ಷ ಮಕ್ಕಳು ಸತ್ತರು ಎಂಬ ಲೆಕ್ಕ ಆಗ ಜಗತ್ತಿನಲ್ಲೆಲ್ಲ ಓಡಾಡಿತು, ಈಗಲೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. 2003ರ ನಂತರ ನಡೆದ ಸಮೀಕ್ಷೆಗಳಲ್ಲಿ ಅಷ್ಟು ದೊಡ್ಡ ಏರಿಕೆ ಕಾಣಲಿಲ್ಲ. ಸದ್ದಾಂ ಸರ್ಕಾರವೇ ಅಂಕಿ ತಿರುಚಿತ್ತು ಎಂದು ಸಂಶೋಧಕರು ಬರೆದರು. ಜನ ಬಡವಾದದ್ದು ಸುಳ್ಳಲ್ಲ. ಆದರೆ ಆ ಬಡತನವನ್ನೂ ಸರ್ವಾಧಿಕಾರಿ ಪೋಸ್ಟರ್ ಮಾಡಿಕೊಂಡ.

ದೊಡ್ಡಪ್ಪನಿಗೆ ಆಮೇಲೆ ಪರಿಹಾರ ಬಂತು. ಕುವೈತಿನಿಂದ ಓಡಿ ಬಂದವರಿಗೆ ಕೊಡಲು ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿತ್ತು, ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಅರ್ಜಿ ಹಾಕಿದ್ದರು. ಆ ಹಣದಲ್ಲಿ ಅವರು ಮನೆಗೆ ಹೆಂಚು ತೆಗೆದು ಟೆರೇಸ್ ಹಾಕಿಸಿದರು. ಅದು ಬಂದದ್ದು ಎಲ್ಲಿಂದ ಎಂದು ನಾನು ಹುಡುಕಿದೆ. ಇರಾಕ್ ಆಹಾರಕ್ಕಾಗಿ ಮಾರಿದ ಎಣ್ಣೆಯ ಹಣದಲ್ಲಿ ಮೊದಲ ವರ್ಷಗಳಲ್ಲಿ ಶೇ 30 ಈ ಆಯೋಗಕ್ಕೆ ಹೋಗುತ್ತಿತ್ತು. ಸದ್ದಾಂ ಸತ್ತ ಮೇಲೂ ಇರಾಕಿನ ಜನ ಕಟ್ಟುತ್ತಲೇ ಬಂದು, ಒಟ್ಟು 5,200 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು, ಕೊನೆಯ ಕಂತು ಮುಗಿಸಿದ್ದು 2022ರಲ್ಲಿ. ದೊಡ್ಡಪ್ಪನಿಗೆ ಆ ಹಣ ನ್ಯಾಯವಾಗಿ ಸಲ್ಲಬೇಕಾದದ್ದು. ಅದನ್ನು ಕಟ್ಟಿದವರಲ್ಲಿ 1990ರಲ್ಲಿ ಹುಟ್ಟಿಯೇ ಇರದವರೂ ಇದ್ದಾರೆ. ಎರಡೂ ನಿಜ. ಈ ಲೆಕ್ಕವನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ತುಂಬ ಹೊತ್ತು ಏನೂ ಹೇಳಲಿಲ್ಲ.

ಹಾಗೆಂದು ದಿಗ್ಬಂಧನ ಯಾವತ್ತೂ ಕೆಲಸ ಮಾಡುವುದಿಲ್ಲ ಎಂದೂ ಅಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ಆಡಳಿತದ ಜೊತೆ ವ್ಯಾಪಾರ ನಿಲ್ಲಿಸಿದವರಲ್ಲಿ ಭಾರತ ಮೊದಲನೆಯದು, 1946ರಲ್ಲೇ. ಅಲ್ಲಿ ಬಹಿಷ್ಕಾರ ಹಾಕಿ ಎಂದು ಜಗತ್ತನ್ನು ಕೇಳಿಕೊಂಡವರು ಆಲ್ಬರ್ಟ್ ಲುಥುಲಿ, ಡೆಸ್ಮಂಡ್ ಟುಟು ಮುಂತಾದ ಒಳಗಿನವರೇ. ಹೊಟ್ಟೆಗೆ ಪೆಟ್ಟು ಬೀಳುವುದು ಯಾರಿಗೋ ಅವರೇ ಒಪ್ಪಿ ಕೇಳಿದರೆ ಅದು ಬೇರೆ ಮಾತು. ಇರಾಕಿನವರನ್ನು ಯಾರೂ ಕೇಳಿರಲಿಲ್ಲ. ಇನ್ನು ಸಾಲಜಾರನ ಪೋರ್ಚುಗಲ್ ಕೈಯಲ್ಲಿದ್ದ ಗೋವೆಗೆ ಭಾರತವೇ 1955ರಿಂದ ಹಾಕಿದ ದಿಗ್ಬಂಧನವನ್ನು ನೋಡಿ. ನಮ್ಮ ಕ್ಯಾಸಲ್ ರಾಕ್‌ನಿಂದ ಆಚೆ ರೈಲು ನಿಂತಿತು. ಗೋವೆಯವರು ಬೇರೆ ದೇಶದಿಂದ ಸಾಮಾನು ತರಿಸಿದರು, ಕಬ್ಬಿಣದ ಅದಿರು ಜಪಾನಿಗೆ ಮಾರಿದರು. ಆರು ವರ್ಷದಲ್ಲಿ ಸಾಲಜಾರ್ ಒಂದಿಂಚೂ ಕದಲಲಿಲ್ಲ. 1961ರ ಡಿಸೆಂಬರಿನಲ್ಲಿ ಸೈನ್ಯ ಎರಡು ದಿನದಲ್ಲಿ ಮುಗಿಸಿತು. ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಮ್ಮ ನೌಕಾಪಡೆಯ ಏಳು ಮಂದಿ ಸತ್ತರು. ಕೊನೆಯ ಸೈನಿಕನವರೆಗೂ ಹೋರಾಡಿ ಎಂಬ ಸಾಲಜಾರನ ಆದೇಶವನ್ನು ಅಲ್ಲಿನ ಗವರ್ನರ್ ಜನರಲ್ ಪಾಲಿಸದೆ ಶರಣಾದದ್ದರಿಂದ ಎಷ್ಟೋ ಜೀವ ಉಳಿಯಿತು. ಆ ಮನುಷ್ಯನನ್ನು ಪೋರ್ಚುಗಲ್ ಸೈನ್ಯದಿಂದಲೇ ಹೊರಹಾಕಿತು.

ನನ್ನ ಗೆಳೆಯನೊಬ್ಬ ಈ ಬರಹದ ಮೊದಲ ಪ್ರತಿ ಓದಿ ಒಂದು ಪ್ರಶ್ನೆ ಎಸೆದ: "1975ರ ತುರ್ತು ಪರಿಸ್ಥಿತಿಯಲ್ಲಿ ಯಾವುದಾದರೂ ದೇಶ ನಮ್ಮ ಮೇಲೆ ಸೈನ್ಯ ಕಳುಹಿಸಿದ್ದರೆ ನೀನು ಚಪ್ಪಾಳೆ ತಟ್ಟುತ್ತಿದ್ದೆಯಾ ಮಾರಾಯ?" ಇಲ್ಲ. ಬೆಂಗಳೂರು ಜೈಲಿನಲ್ಲಿ ವಿರೋಧ ಪಕ್ಷದ ನಾಯಕರಿದ್ದರು, ಸ್ನೇಹಲತಾ ರೆಡ್ಡಿ ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆದರೂ ಅವರಲ್ಲಿ ಯಾರೂ ಹೊರಗಿನ ಸೈನ್ಯ ಕೇಳಲಿಲ್ಲ, ಒಳಗಿನ ದಾರಿ ಪೂರ್ತಿ ಮುಚ್ಚಿರಲಿಲ್ಲ, 1977ರ ಮಾರ್ಚ್‌ನಲ್ಲಿ ಮತಪೆಟ್ಟಿಗೆಯೇ ಕೆಲಸ ಮಾಡಿತು. ಸ್ವಾತಂತ್ರ್ಯ ಕಿತ್ತುಕೊಂಡ ಎಲ್ಲ ಸರ್ಕಾರಕ್ಕೂ ಟ್ಯಾಂಕ್ ಉತ್ತರವಲ್ಲ. ಜನರನ್ನು ಗುಂಪುಗುಂಪಾಗಿ ಕೊಲ್ಲುತ್ತಿರುವಾಗ, ಬೇರೆ ದಾರಿ ಇಲ್ಲವಾದಾಗ ಮಾತ್ರ ಆ ಮಾತು ಬರಬೇಕು.

ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವುದು ಮ್ಯಾನ್ಮಾರ್. 2021ರ ಫೆಬ್ರವರಿ 1ರಂದು ಸೈನ್ಯ ಅಧಿಕಾರ ಕಿತ್ತುಕೊಂಡಿತು. ನನ್ನ ವಯಸ್ಸಿನವರು ಬೀದಿಯಲ್ಲಿ ಫಲಕ ಹಿಡಿದು, ಜನರನ್ನು ರಕ್ಷಿಸುವ ಹೊಣೆ ಜಗತ್ತಿಗಿದೆ ಎಂದು 2005ರಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳು ಒಪ್ಪಿದ್ದನ್ನು ನೆನಪಿಸಿದರು. ಅವರು ಮೊದಲೇ ಮತ ಹಾಕಿದ್ದರು, ಕೇಳಿಯೂ ಕೇಳಿದರು. ಯಾರೂ ಹೋಗಲಿಲ್ಲ. ಹೋಗಬೇಕಿತ್ತೇ? ಅಷ್ಟೊಂದು ಸಶಸ್ತ್ರ ಗುಂಪುಗಳಿರುವ, ಪಕ್ಕದಲ್ಲಿ ಚೀನಾ ಇರುವ ದೇಶದಲ್ಲಿ ಹದಿನೆಂಟನೇ ತಾರೀಕಿನ ಹೊಣೆ ಹೊರಲು ಯಾವ ದೇಶವೂ ತಯಾರಿಲ್ಲ. ಲಿಬಿಯಾದಲ್ಲಿ 2011ರಲ್ಲಿ ವಿಮಾನ ಕಳುಹಿಸಿದವರು ಗದ್ದಾಫಿ ಸತ್ತ ಮೇಲೆ ಹಿಂದಿರುಗಿ ನೋಡಲಿಲ್ಲ, ಆ ದೇಶ ಎರಡು ಸರ್ಕಾರವಾಗಿ ಒಡೆಯಿತು. ಆದ್ದರಿಂದ ಮ್ಯಾನ್ಮಾರಿಗೆ ಸೈನ್ಯ ಕಳುಹಿಸಿ ಎಂದು ನಾನು ಹೇಳಲಾರೆ. ಆದರೆ ಹಳ್ಳಿಗಳ ಮೇಲೆ ಬಾಂಬ್ ಹಾಕುವ ವಿಮಾನಗಳು ಇಂಧನ ಇಲ್ಲದೆ ಹಾರುವುದಿಲ್ಲ. ಆ ಇಂಧನ ಪೂರೈಸುವ ಕಂಪನಿಗಳ ಮೇಲೆ, ಸೈನ್ಯಕ್ಕೆ ಡಾಲರ್ ತರುವ ತೈಲ–ಅನಿಲ ಸಂಸ್ಥೆಯ ಮೇಲೆ 2023ರಲ್ಲಿ ಅಮೆರಿಕ ನಿರ್ಬಂಧ ಹಾಕಿತು. ಅಲ್ಲಿನ ಹೋರಾಟಗಾರರು ಕೇಳುತ್ತಿದ್ದದ್ದೂ ಇದನ್ನೇ. ಅಕ್ಕಿಯನ್ನೂ ಔಷಧಿಯನ್ನೂ ಮುಟ್ಟದ ಈ ತರಹದ ನಿರ್ಬಂಧಕ್ಕೆ ಮ್ಯಾನ್ಮಾರಿನ ಜೊತೆ ಗಡಿ ಹಂಚಿಕೊಂಡಿರುವ ಭಾರತವೂ ಸೇರಬೇಕಿತ್ತು, ಈಗಲಾದರೂ ಸೇರಬೇಕು.